ಕಾಲ್ಬೆರಳಲ್ಲಿ ತಿರುಗಿಸಿದ ವೋಲ್ಟೇಜು

ಐದು ಅನ್ನಬೇಕಿತ್ತು, ಮೂರು ಅಂದೆ. ನಾನು ನನ್ನ ತಮ್ಮನಿಗೆ ಮಾಡಿದ ಅನ್ಯಾಯ ಇಷ್ಟೇ. ಒಂದು ಅಂಕಿಯನ್ನು ನಿಜ ಹೇಳಲಿಲ್ಲ. ಹೇಳಿದ್ದು ಸುಳ್ಳು ಎಂಬುದನ್ನು ಆಮೇಲೆ ಒಂದೂವರೆ ವರ್ಷ ಬಾಯಿಬಿಡಲಿಲ್ಲ. ನಾನು ಓದಿದ್ದು ಐದನೇ ಕ್ಲಾಸಿನವರೆಗೆ ಮಾತ್ರ. ಆದರೂ ಮೂರಕ್ಕೂ ಐದಕ್ಕೂ ಇರುವ ವ್ಯತ್ಯಾಸ ತಿಳಿಯದಷ್ಟು ದಡ್ಡಿಯಾಗಿರಲಿಲ್ಲ. ಓದು ಬರದವಳು, ಗೊತ್ತಾಗಲಿಲ್ಲ ಎಂದು ನುಣುಚಿಕೊಳ್ಳುವ ಹಾಗಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಶಿಕಾರಿಪುರದಲ್ಲಿ ಬೀದಿಗೆ ಮುಖ ಮಾಡಿದ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ಮನೆಯಲ್ಲಿ ಅಮ್ಮ, ನಾನು, ತಮ್ಮ. ನಾನು ಗಂಡನ ಮನೆಯನ್ನು ಎರಡೇ ವರ್ಷಕ್ಕೆ ಸಾಕುಮಾಡಿಕೊಂಡು ವಾಪಸ್ ಬಂದವಳು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಹೊಲಿಗೆ ಮಿಷನ್. ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ರವಿಕೆ ಹೊಲಿಯುವುದು, ಸೀರೆಗೆ ಫಾಲ್ಸ್ ಹಚ್ಚುವುದು ಮಾಡುತ್ತಿದ್ದೆ. ಬಳ್ಳಿಗಾವಿಯಿಂದ ಕೂಡ ಹೆಂಗಸರು ಅಳತೆ ರವಿಕೆ ಹಿಡಿದು ಬರುತ್ತಿದ್ದರು ಎಂದರೆ ಕೈ ಚೆನ್ನಾಗಿತ್ತು ಅಂತಲೇ ಅರ್ಥ. ಕಾಲಲ್ಲಿ ತುಳಿದು ತುಳಿದು ಮಂಡಿ ಹಿಡಿಯತೊಡಗಿದ ಮೇಲೆ ಮಿಷನ್ನಿಗೆ ಕರೆಂಟಿನ ಮೋಟಾರು ಹಾಕಿಸಿದೆ. ಹಾಕಿಕೊಟ್ಟವನು ತಮ್ಮನೇ.

ಅವನು ನನಗಿಂತ ಆರು ವರ್ಷ ಚಿಕ್ಕವನು. ಹಗಲು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ. ಮದುವೆ ಸೀಸನ್ನಿನಲ್ಲಿ ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರು. ಗಿಟಾರೆಂದರೆ ಕರೆಂಟಿನ ಗಿಟಾರು. ಬರೀ ತಂತಿ ಮೀಟಿದರೆ ಸೊಳ್ಳೆ ಗುನುಗಿದಷ್ಟು ಸದ್ದು. ಆ ಸದ್ದನ್ನು ದೊಡ್ಡದು ಮಾಡಲು ಆಂಪ್ಲಿಫೈಯರ್ ಬೇಕು. ಅದನ್ನೂ ಅವನು ತಾನೇ ಕಟ್ಟಿಕೊಂಡಿದ್ದ.

ಸೊರಬದ ಕಡೆ ಒಂದು ಟೆಂಟ್ ಸಿನಿಮಾ ಮುಚ್ಚಿತ್ತು. ಅದರ ಸೌಂಡಿನ ಯಂತ್ರ ಗುಜರಿಗೆ ಬಂದಿದೆ ಎಂದು ಯಾರೋ ಇವನ ಕಿವಿಗೆ ಹಾಕಿದರು. ಒಂದು ಭಾನುವಾರ ಬಸ್ಸಿನ ಟಾಪ್ ಮೇಲೆ ಹಾಕಿಕೊಂಡು ಬಂದೇಬಿಟ್ಟ. ನೋಡಿದರೆ ತುಕ್ಕು ಹಿಡಿದ ಕಬ್ಬಿಣದ ತಟ್ಟೆ, ಅದರ ಮೇಲೆ ಗಾಜಿನ ವಾಲ್ವುಗಳು, ಕಲ್ಲಿನಷ್ಟು ಭಾರದ ಟ್ರಾನ್ಸ್‌ಫಾರ್ಮರು, ಒಳಗೆ ಇಲಿಯ ಗೂಡು. ಅಮ್ಮ ಇಲಿಯ ಗೂಡನ್ನು ಮಾತ್ರ ನೋಡಿ ಒಳಗೆ ಹೋದಳು. ನಾಲ್ಕು ತಿಂಗಳು ಅದನ್ನು ಬಿಚ್ಚಿ, ಉಜ್ಜಿ, ಬೆಸುಗೆ ಹಾಕಿ, ಹಲಸಿನ ಹಲಗೆಯ ಪೆಟ್ಟಿಗೆಯಲ್ಲಿ ಕೂರಿಸಿದ. ಮುಂದಕ್ಕೆ ದೊಡ್ಡ ಸ್ಪೀಕರು. ಅದಕ್ಕೆ ಹೊದಿಸಲು ನನ್ನ ಹತ್ತಿರ ಇದ್ದ ಕಂದು ಪೆಟ್ಟಿಕೋಟಿನ ಬಟ್ಟೆ ಕೇಳಿದ. ಕೊಟ್ಟೆ. ಹಾಗಾಗಿ ಆ ಆಂಪಿಗೆ ಲಂಗ ಉಡಿಸಿದವಳು ನಾನೇ.

ನಾನು ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದೆ. ಸ್ವಿಚ್ ಹಾಕಿದ ತಕ್ಷಣ ಮಾತಾಡುತ್ತಿರಲಿಲ್ಲ. ಒಂದು ನಿಮಿಷ ಸುಮ್ಮನಿದ್ದು, ಒಳಗೊಳಗೇ ಕೆಂಪಾಗಿ, ಆಮೇಲೆ ಗುಂಯ್ ಎಂದು ಗೊಣಗಲು ಶುರುಮಾಡುತ್ತಿತ್ತು. ಮುಟ್ಟಿದರೆ ಚುರುಗುಟ್ಟುತ್ತಿತ್ತು. ಒಬ್ಬರ ಕೈಯಲ್ಲಿ ಅಲ್ಲಾಡುತ್ತಿರಲಿಲ್ಲ. ಇವೆಲ್ಲವನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು, ಅದು ಕೂತ ಜಾಗ. ಮುಂದಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಗಟ್ಟಿಯಾದ ಪ್ಲಗ್ಗು ಇದ್ದದ್ದೂ ಆ ಕಿಟಕಿಯ ಕೆಳಗೆ. ಅತ್ತೆ ಅಲ್ಲಿ ಪ್ರತಿಷ್ಠಾಪನೆಯಾದಳು. ನನ್ನ ಮಿಷನ್ ಮೂಲೆಯ ಕತ್ತಲಿಗೆ ಸರಿಯಿತು. ಕರಿ ಬಟ್ಟೆಗೆ ಕರಿ ದಾರ ಹಾಕುವಾಗ ಬೀದಿ ಬಾಗಿಲಿಗೆ ಬಂದು ಸೂಜಿ ಪೋಣಿಸಿಕೊಂಡು ಹೋಗಬೇಕಾಗಿತ್ತು.

"ಆ ಕಿಟಕಿ ನಂಗೆ ಬಿಡಪ್ಪ," ಎಂದು ಎಷ್ಟು ಸಲ ಕೇಳಿದೆನೋ.

"ಅದು ಬಿಸಿ ಆಗ್ತೈತಲ್ಲ ಅಕ್ಕ, ಗಾಳಿ ಬೇಕು ಅದಕ್ಕೆ."

"ನಂಗೆ ಬ್ಯಾಡೇನೋ ಗಾಳಿ?"

"ನೀನು ಆವಾಗಾವಾಗ ಎದ್ದು ಓಡಾಡ್ತಿಯಲ್ಲ. ಅದು ಎಲ್ಲಿಗ್ ಹೋಗ್ತದೆ ಪಾಪ."

ಆ 'ಪಾಪ' ನನಗೆ ಎಂದೂ ಸಿಕ್ಕಿರಲಿಲ್ಲ.

ಇನ್ನು ಕರೆಂಟಿನ ಕಥೆ. ಸುತ್ತ ಹೊಲಗಳಲ್ಲಿ ಪಂಪ್‌ಸೆಟ್ಟುಗಳು ಓಡತೊಡಗಿದರೆ ಊರಿನ ಬಲ್ಬುಗಳೆಲ್ಲ ಹಣ್ಣಾದ ನಿಂಬೆಯ ಬಣ್ಣಕ್ಕೆ ಬರುತ್ತಿದ್ದವು. ಅದಕ್ಕೇ ಮನೆಮನೆಯಲ್ಲಿ ಸ್ಟೆಬಿಲೈಸರ್ ಎಂಬ ಡಬ್ಬಿ. ಮುಂದೆ ಒಂದು ಗುಂಡನೆಯ ತಿರುಗಣೆ, ಮೇಲೆ ಮುಳ್ಳಿನ ಮೀಟರು. ತಿರುಗಣೆಯನ್ನು ಕಟ್ ಕಟ್ ಎಂದು ಒಂದೊಂದೇ ಪಾಯಿಂಟು ತಿರುಗಿಸಿದರೆ ವೋಲ್ಟೇಜು ಏರುತ್ತಿತ್ತು. ನಮ್ಮದರಲ್ಲಿ ಆರು ಪಾಯಿಂಟು. ಡಬ್ಬಿ ಇದ್ದದ್ದು ನನ್ನ ಮಿಷನ್ನಿನ ಕೆಳಗೆ, ಕಿಟಕಿಯ ಪ್ಲಗ್ಗಿಗೂ ಅದರಿಂದಲೇ ವೈರು. ನನ್ನ ಮೋಟಾರೂ ಅವನ ಆಂಪೂ ಎರಡೂ ಅದರಿಂದಲೇ ನೀರು ಕುಡಿಯಬೇಕು. ನನ್ನ ಮೋಟಾರು ಓಡುತ್ತಿದ್ದದ್ದು ಐದರಲ್ಲಿ. ಅವನ ಆಂಪು ಹಾಡುತ್ತಿದ್ದದ್ದು ಮೂರರಲ್ಲಿ.

ಹಾಡುತ್ತಿತ್ತು ಎಂದು ಕೈತಪ್ಪಿ ಬರೆಯಲಿಲ್ಲ. ಐದರಲ್ಲಿ ಇಟ್ಟರೆ ಅದರ ಸದ್ದು ಸ್ಟೀಲ್ ತಟ್ಟೆಯ ಮೇಲೆ ಚಮಚ ಎಳೆದ ಹಾಗೆ, ಹಲ್ಲು ಜುಮ್ಮೆನ್ನುತ್ತಿತ್ತು. ಒಂದರಲ್ಲಿ ಇಟ್ಟರೆ ಶೀತವಾದವರ ಮೂಗಿನ ದನಿ. ಮೂರರಲ್ಲಿ ಮಾತ್ರ, ತಂತಿಯನ್ನು ಮೀಟಿದರೆ ಶುರುವಿನಲ್ಲಿ ಕೊಂಚ ಒರಟಾಗಿ ಎದ್ದು, ಆಮೇಲೆ ಬೆಲ್ಲದ ಪಾಕ ಎಳೆ ಬಂದ ಹಾಗೆ ಉದ್ದಕ್ಕೆ ಹರಿದು, ಮುಗಿಯುವ ಮುಂಚೆ ಒಂದು ಸಣ್ಣ ನಡುಕ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಂಪ್‌ಸೆಟ್ಟಿನ ಹೊತ್ತಿನಲ್ಲಿ ನುಡಿಸುತ್ತಾ ನುಡಿಸುತ್ತಾ ತಾನೇ ಕಂಡುಕೊಂಡಿದ್ದ. ಊರಿನವರೆಲ್ಲ ಕಡಿಮೆ ವೋಲ್ಟೇಜಿಗೆ ಶಾಪ ಹಾಕುತ್ತಿದ್ದರೆ ಇವನೊಬ್ಬ ಅದಕ್ಕಾಗಿ ಕಾಯುತ್ತಿದ್ದ.

ಹೀಗಾಗಿ ದಿನಾ ಸಂಜೆ ನಮ್ಮ ಮನೆಯಲ್ಲಿ ತಿರುಗಣೆಯ ಜಗಳ.

"ಅಕ್ಕಾ, ಮೂರಕ್ಕೆ ಹಾಕು."

"ಮಿಷನ್ ಎತ್ತಿನಗಾಡಿ ಆಗ್ತೈತೆ ಕಣೋ. ಮದುವೆ ಮನೆ ರವಿಕೆ ಇದು, ನಾಳೆ ಬರ್ತಾರೆ."

"ಅರ್ಧ ಗಂಟೆ."

"ನಿನ್ನೆನೂ ಅರ್ಧ ಗಂಟೆ ಅಂದೆ. ಆ ಅರ್ಧ ಇನ್ನೂ ಮುಗಿದಿಲ್ಲ."

ಕೊನೆಗೆ ಮೂರಕ್ಕೆ ಹಾಕುತ್ತಿದ್ದೆ. ಅವನು ಆ ಕಡೆ ತಿರುಗಿ ಕಣ್ಣು ಮುಚ್ಚಿ ನುಡಿಸುವಾಗ ಕಾಲಿನ ಹೆಬ್ಬೆರಳಿನಿಂದ ಮೆಲ್ಲಗೆ ನಾಲ್ಕಕ್ಕೆ ತರುತ್ತಿದ್ದೆ. ಗಿಡ್ಡ ಸ್ಟೂಲಿನ ಮೇಲೆ ಕೂತು, ಕೈ ನಿಲ್ಲಿಸದೆ, ಮುಖ ತಿರುಗಿಸದೆ ಈ ಕೆಲಸ ಮಾಡುವುದನ್ನು ನಾನು ಚೆನ್ನಾಗಿ ಅಭ್ಯಾಸ ಮಾಡಿಕೊಂಡಿದ್ದೆ. ಕಟ್ ಎಂಬ ಸದ್ದು ಕೇಳದ ಹಾಗೆ ಅದೇ ಹೊತ್ತಿಗೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದೆ. ಅವನು ಎರಡು ಸಲ ಮೀಟಿ, ನಿಲ್ಲಿಸಿ, ಕಣ್ಣು ಬಿಡದೆಯೇ ಹೇಳುತ್ತಿದ್ದ: "ಅಕ್ಕಾ. ಕಾಲು."

ಅಷ್ಟು ಸೂಕ್ಷ್ಮ ಅವನ ಕಿವಿ. ಒಂದೇ ಒಂದು ಪಾಯಿಂಟು ಆಚೆ ಈಚೆ ಆದರೂ ಹಿಡಿಯುತ್ತಿದ್ದ. ಇಬ್ಬರೂ ನಗುತ್ತಿದ್ದೆವು. ಅಮ್ಮ ಒಳಗಿನಿಂದ, "ಇಬ್ರನ್ನೂ ಆ ಡಬ್ಬಿಗೆ ಜೋಡಿಸ್ತೀನಿ ನೋಡಿ," ಎನ್ನುತ್ತಿದ್ದಳು.

ಆರ್ಕೆಸ್ಟ್ರಾ ನಡೆಸುತ್ತಿದ್ದವರು ಸ್ಟೇಷನರಿ ಅಂಗಡಿಯವರು. ಕೀಬೋರ್ಡು ನುಡಿಸುತ್ತಿದ್ದರು. ಸೊರಬ, ಜಡೆ, ಉಳವಿ ಎಂದು ಮದುವೆಗಳಿಗೆ ಹೋಗುವಾಗ ಎಲ್ಲರೂ ಎಲ್ಲವೂ ಒಂದೇ ಟೆಂಪೋದಲ್ಲಿ. ಅತ್ತೆ ಹತ್ತಿದರೆ ಇಬ್ಬರು ಹಾಡುವವರ ಜಾಗ ಹೋಗುತ್ತಿತ್ತು. ಒಂದು ಸಲ ಯುಗಳಗೀತೆ ಹಾಡುವ ಹೆಂಗಸು ಸೊರಬದವರೆಗೂ ಆಂಪಿನ ಮೇಲೆಯೇ ಕೂತು ಹೋಗಿ, ಹಲಗೆಯ ಮೊಳೆಗೆ ಸೀರೆ ಸಿಕ್ಕಿಸಿಕೊಂಡು, ಆ ಸೀರೆ ಹೊಲಿಸಲು ನನ್ನ ಹತ್ತಿರವೇ ಬಂದಿದ್ದಳು. ಅಲ್ಲದೆ ಕಲ್ಯಾಣ ಮಂಟಪಗಳಲ್ಲಿ ಊಟದ ಹೊತ್ತಿಗೆ ಎಲ್ಲ ಫ್ಯಾನೂ ಮಿಕ್ಸಿಯೂ ಹಾಕಿದಾಗ ಆಂಪು ಕಣ್ಣು ಮುಚ್ಚಿಬಿಡುತ್ತಿತ್ತು. ಅಂಗಡಿಯವರಿಗೂ ಸಾಕಾಗಿತ್ತು.

ಒಂದು ಮಧ್ಯಾಹ್ನ ಅವರು ಹುಬ್ಬಳ್ಳಿಯಿಂದ ತರಿಸಿದ ಒಂದು ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಊಟದ ಡಬ್ಬಿಯಷ್ಟೇ ದೊಡ್ಡದು, ಕಾಲಲ್ಲಿ ಒತ್ತಲು ಗುಂಡಿಗಳು, ಕೆಂಪು ದೀಪದಲ್ಲಿ ಅಂಕಿ.

"ಅಕ್ಕೋರೆ, ನೋಡಿ ಇದರೊಳಗೆ ಹದಿನಾರು ಆಂಪ್ ಅದಾವಂತೆ," ಎಂದರು.

"ಹದಿನಾರು ಜನ ಹಿಂಗೆ ಒಂದರೊಳಗೆ ಇರೋದಾದ್ರೆ ನಂಗೂ ಗಂಡನ ಮನೇಲಿ ಜಾಗ ಸಿಕ್ತಿತ್ತು ಬಿಡ್ರಿ," ಎಂದೆ.

ಅವರು ನಕ್ಕು, ತಮ್ಮನಿಗೆ ವಿವರಿಸಿದರು. ಇದು ಡಿಜಿಟಲ್. ದೊಡ್ಡ ದೊಡ್ಡ ಆಂಪುಗಳ ಸದ್ದು ಹೇಗಿರುತ್ತದೆ ಎಂದು ಅಳೆದು ಲೆಕ್ಕ ಮಾಡಿ ಒಳಗೆ ತುಂಬಿದ್ದಾರೆ. ಆ ಹದಿನಾರನ್ನೇ ಬೇರೆ ಬೇರೆ ಥರ ಬೆರೆಸಿ ನೂರು ನಂಬರು ಮಾಡಿದ್ದಾರೆ, ನಂಬರು ಒತ್ತಿದರೆ ಆ ಸದ್ದು ಬರುತ್ತದೆ. ನೇರ ಮೈಕ್‌ಸೆಟ್ಟಿಗೆ ಜೋಡಿಸಿದರೆ ಆಯಿತು. ವೋಲ್ಟೇಜು ಏರಲಿ ಇಳಿಯಲಿ, ಇದಕ್ಕೆ ಗೊಡವೆಯಿಲ್ಲ. ಆಮೇಲೆ ಅವರು ಒಂದು ಮಾತು ಹೇಳಿದರು. ಅದು ನ್ಯಾಯದ ಮಾತು. "ನಾನು ಒತ್ತಾಯ ಮಾಡಲ್ಲ. ಎರಡನ್ನೂ ನುಡಿಸು. ನಿನ್ನ ಕಿವಿ ಏನು ಹೇಳ್ತೈತೋ ಅದೇ. ಅತ್ತೆನೇ ಚೆನ್ನಾಗಿದ್ದಾಳೆ ಅಂದ್ರೆ ಇದನ್ನ ನಾಳೆನೇ ವಾಪಸ್ ಕಳಿಸ್ತೀನಿ, ಟೆಂಪೋದಲ್ಲಿ ನಾನೇ ಟಾಪ್ ಮೇಲೆ ಕೂರ್ತೀನಿ. ಡಬ್ಬಿ ಚೆನ್ನಾಗೈತೆ ಅಂದ್ರೆ ಆಂಪು ಸೊರಬದ ಮೈಕ್‌ಸೆಟ್ಟಿನೋರಿಗೆ. ಎರಡು ಮೈಕ್ ಸ್ಟ್ಯಾಂಡು, ಒಂದು ಉದ್ದ ವೈರು ಕೊಡ್ತಾರಂತೆ."

ತಮ್ಮ ಮುಗುಳ್ನಕ್ಕ. ಅವನಿಗೆ ಅನುಮಾನವೇ ಇರಲಿಲ್ಲ. ತಾನು ಕಟ್ಟಿದ್ದು ಗೆಲ್ಲುತ್ತದೆ ಎಂದು ಗೊತ್ತಿದ್ದವನ ನಗು ಅದು. ನನಗೂ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಯಿತು.

ಮೊದಲು ಡಬ್ಬಿಯನ್ನು ಅಂಗಡಿಯವರು ತಂದಿದ್ದ ಸಣ್ಣ ಸ್ಪೀಕರಿಗೆ ಜೋಡಿಸಿ ನುಡಿಸಿದ. ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ, ಒಗೆದು ಇಸ್ತ್ರಿ ಮಾಡಿದ ಹಾಗೆ ಅಚ್ಚುಕಟ್ಟಾದ ಸದ್ದು. ಅವನು ತಲೆಯಾಡಿಸಿ, "ಪರವಾಗಿಲ್ಲ," ಎಂದ. ಆಮೇಲೆ ನನ್ನಿಂದ ತಿರುಗಣೆಯನ್ನು ಮೂರಕ್ಕೆ ಹಾಕಿಸಿ, ಎದ್ದು ಆಂಪಿನ ಸ್ವಿಚ್ ಹಾಕಿದ. ಅದು ಬಿಸಿಯಾಗಲು ಒಂದು ನಿಮಿಷ ಬೇಕಲ್ಲ. ಆ ನಿಮಿಷದಲ್ಲಿ ಅಂಗಡಿಯವರು ಅಮ್ಮ ಕೊಟ್ಟ ಕಾಫಿ ತೆಗೆದುಕೊಂಡರು. ತಮ್ಮ ತಂತಿಯ ಶ್ರುತಿ ನೋಡಿಕೊಳ್ಳುತ್ತಿದ್ದ. ಮೂಲೆಯ ಕತ್ತಲಲ್ಲಿ ಕೂತಿದ್ದ ನಾನು ಕಿಟಕಿಯನ್ನು ನೋಡುತ್ತಿದ್ದೆ. ಆಂಪಿನ ಹಿಂದಿನಿಂದ ಬಿಸಿಲು ಒಂದು ಗೇಣು ಒಳಗೆ ಬಿದ್ದಿತ್ತು, ನೆಲದ ಮೇಲೆ ಸುಮ್ಮನೆ ವ್ಯರ್ಥವಾಗಿ.

ಕತ್ತರಿಯನ್ನು ಕುಕ್ಕಿದೆ. ಕಟ್. ಇನ್ನೊಮ್ಮೆ ಕುಕ್ಕಿದೆ. ಕಟ್. ಮೀಟರು ಕಾಣದ ಹಾಗೆ ಒಂದು ಲೈನಿಂಗ್ ಬಟ್ಟೆಯನ್ನು ಸ್ಟೆಬಿಲೈಸರಿನ ಮೇಲೆ ಇಳಿಬಿಟ್ಟೆ.

ಬಹಳ ದಿನ ನಾನು ಇದನ್ನು ಅಭ್ಯಾಸಬಲ ಎಂದು ನನಗೇ ಹೇಳಿಕೊಂಡಿದ್ದೆ. ಕಾಲು ತಾನಾಗಿ ಹೋಯಿತು, ದಿನಾ ಹೋಗುವ ಕಾಲು ತಾನೇ ಎಂದು. ದಿನಾ ಹೋಗುತ್ತಿದ್ದದ್ದು ನಾಲ್ಕಕ್ಕೆ. ಅವತ್ತು ಐದಕ್ಕೆ ಹೋಯಿತು. ಲೈನಿಂಗ್ ಬಟ್ಟೆಯನ್ನಂತೂ ಕಾಲು ಹೊದಿಸಲಿಲ್ಲ.

ತಮ್ಮ ಮೊದಲ ತಂತಿ ಮೀಟಿದ. ಕರ್ಕಶವಾಗಿ ಎದ್ದಿತು. ನಿಲ್ಲಿಸಿದ. ಇನ್ನೊಮ್ಮೆ ಮೀಟಿದ. ಹಿಂದಿರುಗಿ ನನ್ನನ್ನು ನೋಡಿದ. ನಗುತ್ತಲೇ ನೋಡಿದ, ನನ್ನ ಕಾಲಿನ ಕಳ್ಳತನ ಗೊತ್ತಿದ್ದವನಲ್ಲವೇ.

"ಅಕ್ಕಾ, ಮೂರರಲ್ಲಿ ಐತಾ?"

"ಮೂರರಲ್ಲೇ ಐತೆ."

"ನಿಜ?"

"ಅಯ್ಯೋ, ಬಂದು ನೋಡೋ ಬೇಕಾದ್ರೆ. ನನ್ನ ಕಾಲು ಇಲ್ಲೈತೆ ನೋಡು," ಎಂದು ಎರಡೂ ಕಾಲು ಎತ್ತಿ ತೋರಿಸಿದೆ. ಅಂಗಡಿಯವರು ನಕ್ಕರು. ಅವನು ಬಂದು ನೋಡಲಿಲ್ಲ. ಹೊರಗಿನವರ ಎದುರು ಅಕ್ಕನ ಮಾತನ್ನು ಪರೀಕ್ಷೆ ಮಾಡುವ ಪೈಕಿ ಅಲ್ಲ ಅವನು. ನಾನು ಅದನ್ನೂ ಲೆಕ್ಕ ಹಾಕಿಯೇ ಹೇಳಿದ್ದೆ.

ಹತ್ತು ನಿಮಿಷ ಒದ್ದಾಡಿದ. ಗುಂಡಿಗಳನ್ನು ತಿರುಗಿಸಿದ, ವೈರು ಬದಲಿಸಿದ, ಒಂದು ವಾಲ್ವನ್ನು ಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಿ ಕೂರಿಸಿದ. ನೆಂಟರ ಮುಂದೆ ಪದ್ಯ ಮರೆತ ಮಗುವನ್ನು ನೋಡುವ ಹಾಗೆ ಅದನ್ನು ನೋಡಿದ. ಅಂಗಡಿಯವರು ಪಾಪ, "ಅದಕ್ಕೂ ವಯಸ್ಸಾಯ್ತು ಬಿಡೋ. ಸಿನಿಮಾ ಟೆಂಟಲ್ಲಿ ಎಷ್ಟು ಅತ್ತಿತ್ತೋ ಏನೋ," ಎಂದರು.

"ವಯಸ್ಸಲ್ಲ," ಎಂದ ತಮ್ಮ. ಕೈಯಲ್ಲಿದ್ದ ಬಟ್ಟೆ ಮಡಿಸುತ್ತಾ, "ಇದು ಮೊದಲಿಂದ್ಲೂ ಹಿಂಗೇ ಇತ್ತೇನೋ. ನಾನು ಕಟ್ಟಿದ್ದು ಅಂತ ನಂಗೇ ಚಂದ ಕೇಳ್ತಿತ್ತೇನೋ," ಎಂದ.

ಆಗ ಬಾಯಿ ಬಿಡಬಹುದಿತ್ತು. ನಗುತ್ತಾ, "ಲೋ, ಐದರಲ್ಲೈತೆ," ಎಂದಿದ್ದರೆ ಅದೊಂದು ತಮಾಷೆಯಾಗಿ ಮುಗಿಯುತ್ತಿತ್ತು. ಬೈದು, ತಲೆಗೊಂದು ಮೊಟಕಿ, ಮೂರಕ್ಕೆ ಹಾಕಿಕೊಳ್ಳುತ್ತಿದ್ದ. ನಾನು ರವಿಕೆಗೆ ಕಾಜಾ ಹಾಕುತ್ತಾ ಕೂತೆ.

ಅದೇ ವಾರ ಆಂಪು ಟೆಂಪೋ ಹತ್ತಿ ಸೊರಬಕ್ಕೆ ಹೋಯಿತು. ಇಳಿಸಿ ಬಂದವನು ಅವನೇ. ಅವನು ಬರುವ ಮೊದಲೇ ನಾನು ಮಿಷನ್ನನ್ನು ಕಿಟಕಿಗೆ ತಳ್ಳಿಕೊಂಡಿದ್ದೆ.

ಮೊದಲ ಹದಿನೈದು ದಿನ ನಾನು ರಾಣಿ. ಸೂಜಿಗೆ ದಾರ ಒಂದೇ ಸಲಕ್ಕೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಕೂತಲ್ಲಿಂದಲೇ ಮಾತಾಡಿಸುವುದು. ಯಾರು ಯಾವ ಸೀರೆಗೆ ಯಾವ ರವಿಕೆ ಹಾಕಿದ್ದಾರೆ, ಅದನ್ನು ಹೊಲಿದವರು ಯಾರು, ತೋಳು ಎಲ್ಲಿ ಎಳೆದಿದೆ ಎಂದು ನೋಡಿ ಒಳಗೊಳಗೇ ಖುಷಿಪಡುವುದು. ಸ್ಟೆಬಿಲೈಸರು ಹಗಲೂ ಸಂಜೆಯೂ ಐದರಲ್ಲೇ. ಯಾರೂ ಕೇಳುವವರಿಲ್ಲ.

ತಮ್ಮನ ಹೊಸ ಡಬ್ಬಿಯ ಮೇಲೆ ದೂರು ಹೇಳುವಂತಿರಲಿಲ್ಲ. ಜಡೆಯ ಒಂದು ಮದುವೆಗೆ ನಾನೂ ಹೋಗಿದ್ದೆ. ಅವನು ಒತ್ತಿದ, ಸದ್ದು ಬಂತು, ಇನ್ನೊಂದು ಒತ್ತಿದ, ಇನ್ನೊಂದು ಬಂತು. ಅಡುಗೆಮನೆಯವರು ಮಿಕ್ಸಿ ಹಾಕಿದರೂ ಕದಲಲಿಲ್ಲ. ಮದುವೆಗೆ ಬಂದವರಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಅವರು ಹೋಳಿಗೆಗೆ ತುಪ್ಪ ಬಂತೋ ಇಲ್ಲವೋ ನೋಡುತ್ತಿದ್ದರು. ಟೆಂಪೋದಲ್ಲಿ ಎಲ್ಲರೂ ಕಾಲು ಚಾಚಿಕೊಂಡು ಕೂತು ಬಂದೆವು.

ಆದರೆ ಡಬ್ಬಿಗೆ ಒಂದು ಹೆಡ್‌ಫೋನ್ ಇತ್ತು. ಮನೆಯಲ್ಲಿ ಅವನು ಅದನ್ನು ಕಿವಿಗೆ ಹಾಕಿಕೊಂಡು ಗೋಡೆಗೆ ಒರಗಿ ಕೂರತೊಡಗಿದ. ನಮಗೆ ಕೇಳುತ್ತಿದ್ದದ್ದು ತಂತಿಯ ಟಿಕ್ ಟಿಕ್ ಮಾತ್ರ, ಗೋಡೆಯ ಹಲ್ಲಿಯಂತೆ. ಅಮ್ಮ ಎರಡು ದಿನ ನೋಡಿ, "ಇದೇನೇ, ಇವನು ಮೂಗರ ಥರ ಆಗ್ಬಿಟ್ಟ," ಎಂದಳು. ನಾನು ಬಯಸಿದ್ದ ನಿಶ್ಶಬ್ದ ಪೂರ್ತಿಯಾಗಿ ನನಗೆ ಸಿಕ್ಕಿತ್ತು. ಮೋಟಾರು ನಿಲ್ಲಿಸಿದರೆ ಆಚೆ ಮನೆಯ ಕುಕ್ಕರು ಕೂಗುವುದೂ ಕೇಳುತ್ತಿತ್ತು.

ಒಂದು ದಿನ ರವಿಕೆ ಕತ್ತರಿಸಲು ಹಳೆಯ ಪೇಪರಿನ ಅಚ್ಚು ತೆಗೆದೆ. ಅದರ ಅಂಚಿನಲ್ಲಿ ಅವನ ಅಕ್ಷರ. ಹದಿನೇಳು, ಅಲ್ಲ. ಇಪ್ಪತ್ಮೂರು, ಸ್ವಲ್ಪ. ನಲವತ್ತೊಂದು, ಅಲ್ಲ. ಹೀಗೇ ಉದ್ದಕ್ಕೆ, ತೋಳಿನ ಸುತ್ತಳತೆಯನ್ನೂ ದಾಟಿಕೊಂಡು ಹೋಗಿತ್ತು.

"ಇದೇನೋ ಇದು?"

"ಡಬ್ಬಿ ನಂಬರು."

"ಏನು ಹುಡುಕ್ತಿದ್ದಿ ಅದರಲ್ಲಿ?"

"ಒಂದು ಸೌಂಡು."

"ಯಾವುದು?"

ಅವನು ಯೋಚಿಸಿ, "ಗೊತ್ತಿಲ್ಲ ಅಕ್ಕ. ಇತ್ತು ಅಂತ ಅನ್ಕೊಂಡಿದ್ದೆ," ಎಂದ.

ಯಾವುದೆಂದು ನನಗೆ ಗೊತ್ತಿತ್ತು. ಅದು ಡಬ್ಬಿಯೊಳಗಿನ ಹದಿನಾರರಲ್ಲಿ ಇರಲು ಸಾಧ್ಯವಿರಲಿಲ್ಲ. ಶಿಕಾರಿಪುರದ ಪಂಪ್‌ಸೆಟ್ಟು, ಗುಜರಿಯ ಟ್ರಾನ್ಸ್‌ಫಾರ್ಮರು, ನನ್ನ ಪೆಟ್ಟಿಕೋಟಿನ ಬಟ್ಟೆ, ಮೂರನೇ ಪಾಯಿಂಟು ಇವನ್ನೆಲ್ಲ ಯಾರು ಹೋಗಿ ಅಳೆದು ಲೆಕ್ಕ ಮಾಡಿ ತುಂಬುತ್ತಾರೆ.

ಇನ್ನೊಂದು ಬದಲಾವಣೆ ಅದಕ್ಕಿಂತ ಕೆಟ್ಟದ್ದು. ನುಡಿಸಿ, ಹೆಡ್‌ಫೋನನ್ನು ತೆಗೆದು ನನ್ನ ಕಿವಿಗೆ ಹಾಕಿ, "ಇದು ಸರಿ ಐತಾ ಅಕ್ಕ?" ಎಂದು ಕೇಳತೊಡಗಿದ. ಆರ್ಕೆಸ್ಟ್ರಾದಲ್ಲೂ ಕೇಳುತ್ತಿದ್ದನಂತೆ. ಅಂಗಡಿಯವರು ಒಮ್ಮೆ ಹುಕ್ಸ್ ಕೊಡಲು ಬಂದಾಗ, "ಏನ್ರಿ ಅಕ್ಕೋರೆ, ನಿಮ್ಮ ತಮ್ಮ ಎಲ್ಲದಕ್ಕೂ ನನ್ನ ಮುಖ ನೋಡ್ತಾನಲ್ಲ. ಮೊದಲು ನಾನು ಅವನ ಮುಖ ನೋಡ್ತಿದ್ದೆ," ಎಂದರು. ಕಣ್ಣು ಮುಚ್ಚಿಕೊಂಡೇ ಒಂದು ಪಾಯಿಂಟಿನ ಕಳ್ಳತನ ಹಿಡಿಯುತ್ತಿದ್ದವನು ಐದನೇ ಕ್ಲಾಸು ಓದಿದ ದರ್ಜಿಯನ್ನು ಸರಿಯೋ ತಪ್ಪೋ ಎಂದು ಕೇಳುತ್ತಿದ್ದ. ನಾನು ಕಿಟಕಿಗಾಗಿ ಆಂಪನ್ನು ಓಡಿಸಿದ್ದೆ. ಅದರ ಜೊತೆ ಅವನ ಕಿವಿಯನ್ನೂ ಟೆಂಪೋ ಹತ್ತಿಸಿಬಿಟ್ಟಿದ್ದೆ.

ಆಗಿನಿಂದ ಕ್ಷಮೆ ಕೇಳುವ ಪ್ರಯತ್ನ ಶುರುವಾಯಿತು. ನಾನು ಎಂಥ ಜಾಣೆ ಎಂದರೆ ಅವನು ಹೆಡ್‌ಫೋನ್ ಹಾಕಿಕೊಂಡಿರುವಾಗ ಹಿಂದೆ ನಿಂತು ಕೇಳುತ್ತಿದ್ದೆ. "ತಪ್ಪಾಯ್ತು ಕಣೋ," ಎಂದು ಸ್ಪಷ್ಟವಾಗಿಯೇ ಹೇಳುತ್ತಿದ್ದೆ. ಹೇಳಿ, ಎದೆ ಹಗುರವಾಯಿತೆಂದು ಅಡುಗೆಮನೆಗೆ ಹೋಗಿ ಒಂದು ತುಂಡು ಬೆಲ್ಲ ತಿನ್ನುತ್ತಿದ್ದೆ. ಹೀಗೆ ನಾಲ್ಕೈದು ಸಲ. ಒಂದು ಸಲ ಅವನು ಸಟ್ಟನೆ ತಿರುಗಿ, "ಏನೋ ಅಂದೆಯಾ?" ಎಂದ. "ಊಟಕ್ಕೆ ಬಾ ಅಂದೆ," ಎಂದೆ. ಆಗಿನ್ನೂ ಹನ್ನೊಂದು ಗಂಟೆ. ಅವತ್ತು ಅಮ್ಮ ಗಡಿಬಿಡಿಯಲ್ಲಿ ಅನ್ನಕ್ಕಿಟ್ಟಳು.

ಅಮ್ಮನಿಗೂ ಹೇಳಿದೆ. ಎಲ್ಲ ಕೇಳಿ ಸೊಪ್ಪು ಸೋಸುತ್ತಾ, "ನಂಗ್ಯಾಕೆ ಹೇಳ್ತಿ? ನಾನೇನು ಗಿಟಾರ್ ಬಾರಿಸ್ತೀನಾ?" ಎಂದಳು.

ಮಾರನೇ ವರ್ಷದ ಮಳೆಗಾಲ ಮುಗಿದ ಮೇಲೆ ಸೊರಬದ ಒಂದು ಮನೆಗೆ ಆರು ರವಿಕೆ ತಲುಪಿಸಬೇಕಿತ್ತು. ಬೇರೆ ಯಾರ ಕೈಯಲ್ಲಾದರೂ ಕಳಿಸಬಹುದಿತ್ತು, ನಾನೇ ಹೊರಟೆ. ಶಿರಾಳಕೊಪ್ಪ ದಾಟಿ ಸೊರಬದಲ್ಲಿ ಇಳಿದು, ರವಿಕೆ ಕೊಟ್ಟು, ಕೇಳಿಕೊಂಡು ಮೈಕ್‌ಸೆಟ್ಟಿನ ಅಂಗಡಿ ಹುಡುಕಿದೆ. ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯ ತುದಿಯಲ್ಲಿ ಇರುವಾಗಲೇ ಆ ದನಿ ಕೇಳಿತು. ಅಂಗಡಿಯ ಬಾಗಿಲಲ್ಲಿ, ಕಂದು ಲಂಗ ಉಟ್ಟುಕೊಂಡು ಅತ್ತೆ ಕೂತಿದ್ದಳು. ಒಂದು ಟೇಪನ್ನು ಜೋಡಿಸಿ ಯಾರದೋ ಕೊಳಲು ಹಾಕಿದ್ದರು. ಶುರುವಿನಲ್ಲಿ ಕೊಂಚ ಒರಟು, ಆಮೇಲೆ ಬೆಲ್ಲದ ಎಳೆ. ನಾನು ಬೀದಿಯ ನಡುವೆ ನಿಂತುಬಿಟ್ಟೆ. ಸೈಕಲಿನವನೊಬ್ಬ ಬೈದುಕೊಂಡು ಹೋದ.

ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡ ವಯಸ್ಸಾದವರು ಮೈಕಿನ ಬಾಯಿ ಬಿಚ್ಚಿಕೊಂಡು ಕೂತಿದ್ದರು.

"ನಿಮ್ಮಲ್ಲಿ ವೋಲ್ಟೇಜ್ ಎಷ್ಟು ಬರ್ತೈತ್ರಿ?" ಎಂದು ಕೇಳಿದೆ. ಅದೇ ಮೊದಲು ಬಾಯಿಗೆ ಬಂದದ್ದು.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಎಂತಕ್ಕೆ? ಕರೆಂಟ್ ಆಫೀಸಿನೋರಾ ನೀವು? ಬಿಲ್ ಕಟ್ಟಿ ಆಯ್ತು ಮಾರಾಯ್ತಿ."

"ಅಲ್ಲ ಅಲ್ಲ, ನಾನು ಟೈಲರು."

"ಟೈಲರಿಗೆ ನಮ್ಮನೆ ವೋಲ್ಟೇಜ್ ಎಂತಕ್ಕೆ?"

ಉಪಾಯವಿಲ್ಲದೆ ಹೇಳಿದೆ: ಶಿಕಾರಿಪುರದವಳು, ಈ ಆಂಪ್ ಕಟ್ಟಿದವನ ಅಕ್ಕ. ಅವರ ಮುಖ ಅರಳಿತು. ಕೂರಲು ಸ್ಟೂಲು ಕೊಟ್ಟರು. "ಎಂತ ಸೌಂಡ್ ಅಂತೀನಿ. ನಮ್ಮಲ್ಲಿ ವೋಲ್ಟೇಜೇ ಇಲ್ಲ, ಸಂಜೆ ಆದ್ರೆ ಬಲ್ಬು ಮಿಣುಕು ಹುಳ. ಬಾಕಿ ಎಲ್ಲ ಸೆಟ್ಟೂ ಸತ್ತು ಬೀಳ್ತವೆ, ಇದೊಂದು ಹಾಡ್ತದೆ. ಇಷ್ಟು ಚಂದ ಕಟ್ಟಿ ಯಾಕೆ ಬಿಟ್ಟ ಅವ?"

ಅದನ್ನು ವಾಪಸ್ ಕೊಡುತ್ತೀರಾ ಎಂದು ಕೇಳಿದೆ.

ಅವರು ಮೈಕನ್ನು ಕೆಳಗಿಟ್ಟರು. "ಕೊಡೂಕೆ ಅಡ್ಡಿ ಇಲ್ಲ ತಂಗಿ. ಆ ಸ್ಟ್ಯಾಂಡು ವೈರು ವಾಪಸ್ ತಂದು ಕೊಟ್ರೆ ಆಯ್ತು. ಆದ್ರೆ ನಿನ್ನ ಕೈಲಿ ಕೊಡಲ್ಲ. ಇದು ಚೆನ್ನಾಗಿಲ್ಲ, ನಂಗೆ ಬೇಡ ಅಂತ ಅವನೇ ಇಲ್ಲಿ ಇಳಿಸಿ ಹೋದದ್ದು. ಬೇಕು ಅಂತ ಅವನೇ ಬಂದು ಹೇಳ್ಲಿ. ಇಲ್ದಿದ್ರೆ ನೀನು ತಗೊಂಡ್ ಹೋಗ್ತಿ, ಅವ ಇನ್ನೊಬ್ಬರಿಗೆ ಕೊಡ್ತಾನೆ." ಮೈಕನ್ನು ಮತ್ತೆ ಕೈಗೆತ್ತಿಕೊಂಡು, "ದೀಪಾವಳಿ ಒಳಗೆ ಬರೂಕೆ ಹೇಳು. ಆಮೇಲೆ ನಂಗೆ ಹೊಸ ಸೆಟ್ ಬರ್ತದೆ. ಇದನ್ನ ಬಿಚ್ಚಿ ಟ್ರಾನ್ಸ್‌ಫಾರ್ಮರನ್ನ ಬ್ಯಾಟರಿ ಚಾರ್ಜರಿಗೆ ಹಾಕ್ತೀನಿ," ಎಂದರು.

ದೀಪಾವಳಿಗೆ ಹನ್ನೆರಡು ದಿನ ಇತ್ತು. ಬಸ್ಸಿನಲ್ಲಿ ಬರುತ್ತಾ ಲೆಕ್ಕ ಹಾಕಿದೆ, ನಿಜ ಹೇಳದೆ ಅವನನ್ನು ಸೊರಬಕ್ಕೆ ಕಳಿಸುವುದು ಹೇಗೆಂದು. ಹಾಗೆ ಲೆಕ್ಕ ಹಾಕುವುದರಲ್ಲಿ ಹತ್ತು ದಿನ ಕಳೆಯಿತು. ಹನ್ನೊಂದನೆಯ ದಿನ ಭಾನುವಾರ. ಬೆಳಿಗ್ಗೆ ಅವನು ಗೋಡೆಗೆ ಒರಗಿ ಡಬ್ಬಿ ತೆಗೆಯುತ್ತಿದ್ದ.

"ಲೋ, ಆ ಆಂಪು ವಾಪಸ್ ತಗೊಂಡು ಬಾರೋ," ಎಂದೆ, ರವಿಕೆಯಿಂದ ತಲೆ ಎತ್ತದೆ.

"ಯಾವುದು? ಅತ್ತೆನಾ? ಯಾಕೆ?"

"ಸುಮ್ನೆ. ಮನೆ ಖಾಲಿ ಖಾಲಿ ಅನ್ನಿಸ್ತೈತೆ."

"ಕಿಟಕಿ ಬೇಕು ಅಂತ ಸಾಯ್ತಿದ್ದೆ."

"ಬೆಳಕು ಜಾಸ್ತಿ ಆಯ್ತು. ಕಣ್ಣು ಕುಕ್ತೈತೆ."

ಅವನು ನಕ್ಕ. "ಇಷ್ಟು ವರ್ಷದಲ್ಲಿ ಬೆಳಕು ಜಾಸ್ತಿ ಆಯ್ತು ಅಂದ ಟೈಲರ್ ನೀನೊಬ್ಳೇ."

"ಚೆನ್ನಾಗಿ ಹಾಡ್ತೈತೋ ಅದು. ಸೊರಬಕ್ಕೆ ಹೋದಾಗ ಕೇಳ್ದೆ."

ನಗು ನಿಂತಿತು. "ಇಲ್ಲ ಬಿಡಕ್ಕ. ನಾನೇ ಕೇಳಿದ್ನಲ್ಲ ಅವತ್ತು, ಎರಡನ್ನೂ ಇಟ್ಕೊಂಡು. ಅದು ಚೆನ್ನಾಗಿರ್ಲಿಲ್ಲ. ಅಷ್ಟು ವರ್ಷ ಅದನ್ನ ಚಂದ ಅನ್ಕೊಂಡಿದ್ನಲ್ಲ, ನನ್ನ ಕಿವಿನೇ ಸರಿ ಇಲ್ಲ," ಎಂದು ಹೇಳಿ ಹೆಡ್‌ಫೋನ್ ಹಾಕಿಕೊಂಡ. ಟಿಕ್ ಟಿಕ್ ಶುರುವಾಯಿತು.

ನಾನು ಎದ್ದೆ. ಮಡಿಲಿನಲ್ಲಿದ್ದ ಹುಕ್ಸುಗಳೆಲ್ಲ ನೆಲಕ್ಕೆ ಚೆಲ್ಲಿದವು. ಅವನ ಎದುರು ಹೋಗಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಆ ಹೆಡ್‌ಫೋನನ್ನು ತೆಗೆದು ಪಕ್ಕಕ್ಕಿಟ್ಟೆ. ಅವನು ಗಾಬರಿಯಾಗಿ ಅಮ್ಮನಿಗೇನಾಯಿತು ಎಂಬಂತೆ ಒಳಗೆ ನೋಡಿದ. ಈ ಸಲ ಪಕ್ಕದ ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ನಿನ್ನ ಕಿವಿ ಸರಿಯಾಗೇ ಐತೆ. ಅವತ್ತು ಅದು ಮೂರರಲ್ಲಿ ಇರ್ಲಿಲ್ಲ, ಐದರಲ್ಲಿತ್ತು. ಬೇಕಂತಾನೇ ನಾನೇ ತಿರುಗಿಸಿದ್ದು, ನೀನು ಕೇಳ್ದಾಗ ಸುಳ್ಳು ಹೇಳಿದ್ದು. ತಪ್ಪಾಯ್ತು ಕಣೋ, ತುಂಬಾ ದೊಡ್ಡ ತಪ್ಪಾಯ್ತು. ನನ್ನ ಕ್ಷಮಿಸು."